ರೆಫರೆನ್ಸ್ ಫಾರ್ಮ್ಯಾಟ್ ಮಾಡಿಕೊಡ್ತೀವಿ ಅನ್ನೋರಿಗೆ ಫೈಲ್ ಕೊಡುವ ಮುಂಚೆ ಇದನ್ನ ಓದಿ

ಪಿಎಚ್‌ಡಿ ಮಾಡುತ್ತಿರುವವರು, ಜರ್ನಲ್‌ಗೆ ಪೇಪರ್ ಕಳಿಸಲು ಕೂತಿರುವವರು ದಯವಿಟ್ಟು ಪೂರ್ತಿ ಓದಿ. ಇನ್ನೂ ಕೈ ನಡುಗುತ್ತಿದೆ, ಹಾಗಾಗಿ ಹಿಂದೆ ಮುಂದೆ ಬರೆದಿದ್ದರೆ ಹೊಂದಿಸಿಕೊಳ್ಳಿ.

ನಾನು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ವಿಷಯ ಸಮಾಜಶಾಸ್ತ್ರ. ಥೀಸಿಸ್‌ನ ಒಂದು ಅಧ್ಯಾಯವನ್ನು ಪೇಪರ್ ಮಾಡಿದ್ದೆ. ಅಧ್ಯಾಯ ಶುರು ಮಾಡಿದಾಗ ಎಪಿಎ (ರೆಫರೆನ್ಸ್, ಅಂದರೆ ಉಲ್ಲೇಖ ಬರೆಯುವ ಒಂದು ಶೈಲಿ) 6ನೇ ಆವೃತ್ತಿ, ಜರ್ನಲ್ ಕೇಳುವುದು 7ನೇದು. ದೊಡ್ಡ ಕೆಲಸವೇನಲ್ಲ. ಪ್ರಕಾಶಕರ ಊರಿನ ಹೆಸರು ತೆಗೀಬೇಕು, ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲದಿಂದಲೇ ‘ಎಟ್ ಆಲ್’ (ಮತ್ತು ಇತರರು) ಹಾಕಬೇಕು, ಡಿಒಐಗಳನ್ನು (ಲೇಖನದ ಖಾಯಂ ಆನ್‌ಲೈನ್ ಗುರುತು) ಪೂರ್ತಿ ಲಿಂಕ್ ಆಗಿ ಬರೀಬೇಕು. ಆದರೆ ಒಂದು ಕಡೆ ವ್ಯಾಲ್ಯುಯೇಷನ್, ಇನ್ನೊಂದು ಕಡೆ ಇಂಟರ್ನಲ್ಸ್. ನಮ್ಮ ಕಡೆ ಟೈಪಿಂಗ್, ಬೈಂಡಿಂಗ್ ಹೊರಗೆ ಕೊಡುವ ಹಾಗೇ ಇದನ್ನೂ ಎಲ್ಲರೂ ಕೊಡುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದ ನಂಬರಿಗೆ ನಾನೂ ಕೊಟ್ಟೆ.

ರೇಟು ಒಂದು ರೆಫರೆನ್ಸಿಗೆ 20 ರೂಪಾಯಿ. ನನ್ನ ಪಟ್ಟಿಯಲ್ಲಿ 64 ಇದ್ದವು, ಒಟ್ಟು 1,280. ಅದರ ಮೇಲೆ ‘ಅರ್ಜೆಂಟ್ ಚಾರ್ಜ್’ 300. ಅರ್ಧ ಮೊದಲೇ ಫೋನ್‌ಪೇ ಮಾಡಿಸಿಕೊಂಡರು. “ಝೊಟೆರೊದಲ್ಲಿ ಲಿಂಕ್ ಮಾಡಿ ಕೊಡ್ತೀವಿ ಮೇಡಂ, ಆಮೇಲೆ ಯಾವ ಸ್ಟೈಲ್ ಬೇಕಾದರೂ ಒಂದೇ ಕ್ಲಿಕ್” ಅಂದರು. ಝೊಟೆರೊ ಅಂದರೆ ರೆಫರೆನ್ಸ್‌ಗಳನ್ನು ಜೋಡಿಸಿಡುವ ಸಾಫ್ಟ್‌ವೇರ್. ಮಾತು ಅಂದರೆ ಬೆಣ್ಣೆ.

ಮಾರನೇ ದಿನವೇ ಫೈಲ್ ಬಂತು. ನೋಡಲು ಎಷ್ಟು ಚೆಂದ ಅಂತೀರಿ! ಹ್ಯಾಂಗಿಂಗ್ ಇಂಡೆಂಟ್, ಇಟಾಲಿಕ್, ಸಾಲುಸಾಲಾಗಿ ನೀಲಿ ಡಿಒಐ ಲಿಂಕ್‌ಗಳು. ಬಾಕಿ ಹಣ ಹಾಕಿ ಜರ್ನಲ್‌ಗೆ ಸಬ್ಮಿಟ್ ಮಾಡಿದೆ.

ಕೆಲವು ವಾರ ಬಿಟ್ಟು ಸಂಪಾದಕೀಯ ಕಚೇರಿಯಿಂದ ಮೇಲ್. ನಿಮ್ಮ ಪಟ್ಟಿಯ ಹಲವು ಉಲ್ಲೇಖಗಳು ಎಲ್ಲೂ ಸಿಗುತ್ತಿಲ್ಲ, ಕೆಲವು ಡಿಒಐಗಳು ಬೇರೆ ಲೇಖನಗಳಿಗೆ ಹೋಗುತ್ತಿವೆ, ಎಐ ಬಳಸಿದ್ದೀರಾ, ವಿವರಣೆ ಕೊಡಿ. ಮೇಲ್ ಗೈಡ್ ಸರ್‌ಗೂ ಹೋಗಿತ್ತು, ಸಹಲೇಖಕರು ಅವರೇ.

ಎಂ. ಎನ್. ಶ್ರೀನಿವಾಸರ 1956ರ ಸಂಸ್ಕೃತೀಕರಣದ ಲೇಖನ ಸಮಾಜಶಾಸ್ತ್ರ ಓದಿದ ಯಾರಿಗೆ ಗೊತ್ತಿಲ್ಲ ಹೇಳಿ. ದಿ ಫಾರ್ ಈಸ್ಟರ್ನ್ ಕ್ವಾರ್ಟರ್ಲಿ, ಸಂಪುಟ 15, ಸಂಚಿಕೆ 4, ಪುಟ 481ರಿಂದ 496. ನಾನು ಕೊಟ್ಟಿದ್ದು ಸರಿಯಾಗಿಯೇ ಇತ್ತು, ಪುಟಸಂಖ್ಯೆ ಸಮೇತ. ಅವರು ಕೊಟ್ಟ ಪಟ್ಟಿಯಲ್ಲಿ ಎಸ್ ಅಕ್ಷರದ ಕೆಳಗೆ ಹುಡುಕಿದೆ, ಶ್ರೀನಿವಾಸರೇ ಇಲ್ಲ. ಕೊನೆಗೆ ಎಂ ಅಕ್ಷರದ ಕೆಳಗೆ ಸಿಕ್ಕರು: ‘ಮೈಸೂರ್, ಎನ್. ಎಸ್.’ ಆಗಿಬಿಟ್ಟಿದ್ದರು! ಅವರ ಪೂರ್ತಿ ಹೆಸರಿನ ಮೊದಲಿಗಿರುವ ಊರನ್ನು ಹಿಡಿದು ಮನೆತನದ ಹೆಸರು ಮಾಡಿದ್ದಾರೆ. ವರ್ಷ 1965. ಜರ್ನಲ್ ಹೆಸರು ನಾನು ಕಂಡು ಕೇಳದ್ದು. ಪಕ್ಕದ ಡಿಒಐ ಒತ್ತಿದರೆ ತೆರೆದುಕೊಂಡಿದ್ದು ಮೀನಿನ ಆಹಾರದ ಬಗ್ಗೆ ಒಂದು ಪೇಪರ್. ಮೀನಿನ ಆಹಾರ! ಗೈಡ್ ಸರ್ ಫೋನಿನಲ್ಲಿ ಬೈಯಲೂ ಇಲ್ಲ. “ಏನಮ್ಮ, ಮೈಸೂರಿನವರಾಗಿ ಶ್ರೀನಿವಾಸರ ಹೆಸರನ್ನೇ ಹೀಗೆ ಮಾಡಿ ಕಳಿಸಿದೀವಲ್ಲ” ಅಂದರು ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಆಮೇಲೆ ನನ್ನ ಹಳೇ ಫೈಲನ್ನೂ ಅವರ ಫೈಲನ್ನೂ ವರ್ಡ್‌ನ ‘ಕಂಪೇರ್’ನಲ್ಲಿ ಹಾಕಿದೆ. ಪುಟ ತುಂಬಾ ಕೆಂಪು. ಸಂಚಿಕೆ, ಪುಟಸಂಖ್ಯೆ ಇಲ್ಲದ ಕಡೆಯೆಲ್ಲ ಯಾವುದೋ ಎಐಗೆ ಕೊಟ್ಟು ಬಾಯಿಗೆ ಬಂದದ್ದನ್ನು ತುಂಬಿಸಿದ್ದಾರೆ. ಕನ್ನಡ ಪುಸ್ತಕಗಳ ಹೆಸರುಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಮೂಲ ಹೆಸರನ್ನೇ ಅಳಿಸಿದ್ದಾರೆ. ಇನ್ನು ಯಾವ ಲೈಬ್ರರಿಯಲ್ಲಿ ಹುಡುಕಿದರೂ ಅವು ಸಿಗಲ್ಲ. ಝೊಟೆರೊ ಲಿಂಕ್ ಅಂದರಲ್ಲ, ಒಂದೂ ಇಲ್ಲ, ಎಲ್ಲಾ ಕೈಯಲ್ಲಿ ಹೊಡೆದ ಟೆಕ್ಸ್ಟ್.

ಇದೆಲ್ಲ ಬಿಡಿ. ಪಟ್ಟಿಯಲ್ಲಿ 64ರ ಬದಲು 67 ಇದ್ದವು. ಹೆಚ್ಚಾದ ಮೂರೂ ಒಬ್ಬರದ್ದೇ ಹೆಸರಿನವು, ನಾನು ಯಾವತ್ತೂ ಓದದವು. ಬರೀ ಪಟ್ಟಿಗೆ ಸೇರಿಸಿದ್ದಲ್ಲ, ನನ್ನ ಬರಹದ ಒಳಗೂ ತುರುಕಿದ್ದಾರೆ. ಸ್ವಸಹಾಯ ಸಂಘದ ಹೆಂಗಸರ ಜೊತೆ ಅವರ ಜಗಲಿ ಮೇಲೆ ಕೂತು ನಾನೇ ಮಾಡಿದ ಸಂದರ್ಶನದ ಸಾಲಿನ ಕೊನೆಗೆ, ಆವರಣದಲ್ಲಿ, ಆ ಯಾರದೋ ಹೆಸರು ಮತ್ತು 2023. ನನ್ನ ಫೀಲ್ಡ್‌ವರ್ಕ್ ಅವರದ್ದಾಯಿತು! ದುಡ್ಡು ಕೊಟ್ಟು ಸೈಟೇಷನ್ (ಬೇರೆಯವರ ಪೇಪರಿನಲ್ಲಿ ತಮ್ಮ ಉಲ್ಲೇಖ) ಹೆಚ್ಚಿಸಿಕೊಳ್ಳುವ ದಂಧೆ ಇದೆ ಅಂತ ಕೇಳಿದ್ದೆ. ನನ್ನ ಪೇಪರಿನಲ್ಲಿ ನಡೆದದ್ದೂ ಅದೇ ಅಂತ ನನ್ನ ಅನುಮಾನ, ಬೇರೆ ಕಾರಣ ತೋಚುತ್ತಿಲ್ಲ. ಆ ಹೆಸರಿನವರ ಹತ್ತಿರವೂ ದುಡ್ಡು ತಗೊಂಡಿರಬೇಕು, ನನ್ನ ಹತ್ತಿರವೂ ತಗೊಂಡರು.

ಫಾರ್ಮ್ಯಾಟ್ ಮಾಡಿಕೊಟ್ಟವರ ಉತ್ತರಗಳನ್ನು ಹಾಗೇ ಹಾಕ್ತೀನಿ, ನೀವೇ ಓದಿ.

ಡಿಒಐ ತಪ್ಪಿದೆ ಅಂದರೆ, “ಸರ್ವರ್ ಡೌನ್ ಇರಬಹುದು ಮೇಡಂ, ಸಂಜೆ ನೋಡಿ.”

ಸಂಜೆಯೂ ಮೀನೇ ಬಂತು ಅಂದರೆ, “ರಿವ್ಯೂವರ್‌ಗಳು ಯಾರೂ ಕ್ಲಿಕ್ ಮಾಡಿ ನೋಡಲ್ಲ ಮೇಡಂ, ಸುಮ್ನೆ ಟೆನ್ಷನ್ ತಗೋಬೇಡಿ.”

ಮೂರು ಹೆಚ್ಚು ಯಾಕೆ ಬಂತು ಅಂದರೆ, “ನಿಮ್ದು ರೀಸೆಂಟ್ ರೆಫರೆನ್ಸ್ ಕಮ್ಮಿ ಇತ್ತು, ಸ್ಟ್ರಾಂಗ್ ಮಾಡಿದೀವಿ. ಅದಕ್ಕೆ ಚಾರ್ಜ್ ಹಾಕಿಲ್ಲ.” ಉಪಕಾರ ಮಾಡಿದ್ದಾರಂತೆ!

ಹಣ ವಾಪಸ್ ಕೊಡಿ ಅಂದಾಗ, “ಡ್ರಿಲ್‌ಬಿಟ್‌ನಲ್ಲಿ 6% ಬಂದಿದೆ ಮೇಡಂ, ಪೇಪರ್ ಫುಲ್ ಕ್ಲೀನ್.” ಅಯ್ಯೋ ಪುಣ್ಯಾತ್ಮ, ಡ್ರಿಲ್‌ಬಿಟ್ ಕೃತಿಚೌರ್ಯ ಹುಡುಕುವ ಸಾಫ್ಟ್‌ವೇರ್, ಆ 6% ಬೇರೆ ಬರಹಗಳಿಗೆ ಹೋಲುವ ಭಾಗದ ಲೆಕ್ಕ. ಉಲ್ಲೇಖಪಟ್ಟಿಯನ್ನು ಆ ಲೆಕ್ಕದಿಂದ ಹೊರಗಿಡಬೇಕು ಅಂತ ಯುಜಿಸಿಯ 2018ರ ನಿಯಮದಲ್ಲೇ ಇದೆ. ಪಟ್ಟಿ ಪೂರ್ತಿ ಸುಳ್ಳಾಗಿದ್ದರೂ ಆ ರಿಪೋರ್ಟ್ ‘ಕ್ಲೀನ್’ ಅಂತಲೇ ಬರುತ್ತದೆ. ಇದನ್ನು ಬರೆದು ಕಳಿಸಿದ್ದಕ್ಕೆ ಬಂದದ್ದು ಒಂದು ಕೈಮುಗಿದ ಎಮೋಜಿ. ಜೊತೆಗೆ, “ರೀಚೆಕ್ ಬೇಕಾದ್ರೆ ರೆಫರೆನ್ಸಿಗೆ 10 ರೂಪಾಯಿ ಆಗುತ್ತೆ.”

ತಪ್ಪು ಮಾಡಿದವರೇ ತಿದ್ದೋದಕ್ಕೂ ಕಾಸು ಕೇಳ್ತಾರೆ! ಬ್ಲಾಕ್ ಮಾಡಿದೆ.

ಕೊಡಲೇಬೇಕು ಅನ್ನುವವರು ಪಿಡಿಎಫ್ ಕೊಡಿ, ವರ್ಡ್ ಫೈಲ್ ಮಾತ್ರ ಕೊಡಬೇಡಿ. ಅವರು ಪಟ್ಟಿಯೊಂದನ್ನು ಬೇರೆ ಫೈಲಿನಲ್ಲಿ ಮಾಡಿಕೊಡಲಿ, ನಿಮ್ಮ ಬರಹಕ್ಕೆ ಕೈ ಹಾಕುವುದು ಬೇಡ. ಹಣ ಹಾಕುವ ಮುಂಚೆ ಡಿಒಐಗಳನ್ನು ಒಂದೊಂದಾಗಿ ಒತ್ತಿ ನೋಡಿ. ಡಿಒಐ ಇಲ್ಲದವನ್ನು ಕ್ರಾಸ್‌ರೆಫ್ (ಡಿಒಐ ನೋಂದಾಯಿಸುವ ಸಂಸ್ಥೆ) ತಾಣದ ಹುಡುಕಾಟದಲ್ಲಿ ಶೀರ್ಷಿಕೆ ಹಾಕಿ ನೋಡಿ, ಪುಕ್ಕಟೆ. ಝೊಟೆರೊ ಕೂಡ ಪುಕ್ಕಟೆಯೇ. ಅದರಲ್ಲಿ ನಮ್ಮವರ ಹೆಸರು ಎಡವಟ್ಟಾಗುವುದುಂಟು, ಇನಿಷಿಯಲ್ ಯಾವುದು ಹೆಸರು ಯಾವುದು ಅಂತ ನಾವೇ ತಿದ್ದಬೇಕು. ಇನ್ನೊಂದು ವಿಷಯ ನನಗೆ ಹೊಟ್ಟೆ ಉರಿಸಿದ್ದು: ಎಲ್ಸೆವಿಯರ್ ಪ್ರಕಾಶನದ ಎಷ್ಟೋ ಜರ್ನಲ್‌ಗಳಲ್ಲಿ ಮೊದಲ ಸಲ ಕಳಿಸುವಾಗ ಯಾವ ಸ್ಟೈಲ್ ಆದರೂ ನಡೆಯುತ್ತದೆ, ಉದ್ದಕ್ಕೂ ಒಂದೇ ರೀತಿ ಇದ್ದರೆ ಸಾಕು. ನಿಮ್ಮ ಜರ್ನಲ್‌ನ ಲೇಖಕರ ಸೂಚನೆ ಒಮ್ಮೆ ಓದಿಬಿಡಿ, ದುಡ್ಡು ಉಳಿದರೂ ಉಳಿಯಬಹುದು.

ಸಂಪಾದಕರಿಗೆ ವಿವರಣೆ, ಹಳೇ ಫೈಲ್, ಕಂಪೇರ್ ಮಾಡಿದ ಪ್ರತಿ ಎಲ್ಲಾ ಕಳಿಸಿದ್ದೀನಿ. ಇನ್ನೂ ಉತ್ತರ ಬಂದಿಲ್ಲ. ಅದೇ ಗುಂಪಿನಲ್ಲಿ ನಿನ್ನೆ ಬೇರೆ ನಂಬರಿನಿಂದ ಅದೇ ಜಾಹೀರಾತು ಬಂದಿದೆ, ಈ ಸಲ ರೆಫರೆನ್ಸಿಗೆ 15 ರೂಪಾಯಿ, ‘ಝೊಟೆರೊ ಲಿಂಕ್ ಫ್ರೀ’.