ಅಂಗಡಿಯ ಬೀಗ ಒಡೆದ ಹುಡುಗನ ಎದುರು ಎರಡು ಗಂಟೆ: ಒಂದು ವೃತ್ತಸಭೆಯ ವಿಮರ್ಶೆ

ಮಳೆಗಾಲದ ಒಂದು ಬೆಳಗಿನ ಜಾವ ನನ್ನ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿಯ ಷಟರ್ ಬೀಗ ಒಡೆದು ಒಳಹೊಕ್ಕಿದ್ದ ಹುಡುಗನೊಬ್ಬನನ್ನು ಪಕ್ಕದ ಹಾಲಿನ ಬೂತಿನವರು ಹಿಡಿದು ನಿಲ್ಲಿಸಿಕೊಂಡಿದ್ದರು. ನಾನು ಓಡಿ ಹೋಗುವಷ್ಟರಲ್ಲಿ ಗಲ್ಲಾಪೆಟ್ಟಿಗೆ ಖಾಲಿಯಾಗಿತ್ತು, ಲ್ಯಾಮಿನೇಷನ್ ಯಂತ್ರ ನೆಲಕ್ಕೆ ಬಿದ್ದು ಒಡೆದಿತ್ತು, ಅಂದು ಬೆಳಿಗ್ಗೆ ಕೊಡಬೇಕಾಗಿದ್ದ ವಿದ್ಯಾರ್ಥಿನಿಯೊಬ್ಬಳ ಪ್ರಾಜೆಕ್ಟ್ ವರದಿಯ ಹಾಳೆಗಳು ಕೆಸರು ಕಾಲಿನಡಿ ಸಿಕ್ಕಿ ಕರಿ ಶಾಯಿಯಲ್ಲಿ ನೆನೆದುಹೋಗಿದ್ದವು. ಹುಡುಗನ ವಯಸ್ಸು ಹದಿನೈದು. ಅಲ್ಲಿಂದ ಐದು ತಿಂಗಳ ನಂತರ ಅವನೂ ನಾನೂ ಒಂದೇ ಕೋಣೆಯಲ್ಲಿ ಎದುರುಬದುರಾಗಿ ಕುಳಿತು ಎರಡು ಗಂಟೆ ಮಾತನಾಡಿದೆವು. ಅದನ್ನು ಏರ್ಪಡಿಸಿದವರು ತಪ್ಪು ಮಾಡಿದ ಮಕ್ಕಳ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯ ಒಪ್ಪಿಗೆಯಿಂದ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆಯವರು. ಅವರು ಅದನ್ನು ಸರ್ಕಲ್ ಎನ್ನುತ್ತಾರೆ. ನಾನು ಇಲ್ಲಿ ವೃತ್ತಸಭೆ ಎಂದು ಕರೆಯುತ್ತೇನೆ. ನೊಂದವರ ಕಡೆಯಿಂದ ಈ ಸೇವೆ ಹೇಗೆ ಕಾಣುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ಈ ವಿಮರ್ಶೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಹೆಸರು, ಶಾಲೆ, ವಿಳಾಸ, ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾನೂನಿಗೆ ಹೆದರಿ ಮಾತ್ರವಲ್ಲ, ಆ ಹುಡುಗನ ಮೇಲಿನ ಕಾಳಜಿಯಿಂದಲೂ ಊರು, ಸಂಸ್ಥೆ, ಜನ ಯಾರನ್ನೂ ನಾನು ಹೆಸರಿಸುವುದಿಲ್ಲ. ತಾಯಿ, ಮಗ ಊರಿನಲ್ಲಿದ್ದಾಗಲೇ ಕೇಳಿಕೊಂಡು, ಬರೆಯಬಹುದು ಎಂದು ಅವರು ಒಪ್ಪಿದ ಮಾತುಗಳನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಈ ಸೇವೆ ಏಕೆ ಬೇಕಾಯಿತು ಎಂಬುದು ಅರ್ಥವಾಗಬೇಕಾದರೆ, ಅದು ಇಲ್ಲದಿದ್ದ ಐದು ತಿಂಗಳು ಹೇಗಿದ್ದವು ಎಂದು ಹೇಳಬೇಕು. ಠಾಣೆಯಲ್ಲಿ ಎಫ್‌ಐಆರ್ ಪ್ರತಿ ಕೇಳಿದಾಗ, ಹುಡುಗನೊಂದಿಗೆ ವಯಸ್ಕರು ಯಾರೂ ಸೇರಿರದೆ, ಅಪರಾಧವೂ ಘೋರ ಅಪರಾಧದ ವರ್ಗಕ್ಕೆ ಸೇರಿರದಿದ್ದರೆ ಎಫ್‌ಐಆರ್ ದಾಖಲಿಸುವುದಿಲ್ಲ, ದಿನಚರಿ ಪುಸ್ತಕದಲ್ಲಿ ಬರೆದುಕೊಂಡು ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕಳುಹಿಸುತ್ತೇವೆ ಎಂದು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ತಾಳ್ಮೆಯಿಂದ ತಿಳಿಸಿದರು. ಈ ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಹೇಳುವುದೂ ಅದನ್ನೇ ಎಂದು ಆಮೇಲೆ ಓದಿ ತಿಳಿದುಕೊಂಡೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ವಿಚಾರಣೆಯನ್ನು ನಾಲ್ಕು ತಿಂಗಳೊಳಗೆ, ಹೆಚ್ಚೆಂದರೆ ಮತ್ತೆರಡು ತಿಂಗಳು ಸೇರಿಸಿಕೊಂಡು ಮುಗಿಸಬೇಕು. ಇದೆಲ್ಲವೂ ಮಗುವಿನ ಹಿತಕ್ಕಾಗಿ ಇರುವ ವ್ಯವಸ್ಥೆ, ಇರಲೇಬೇಕಾದ ವ್ಯವಸ್ಥೆ. ಆದರೆ ಈ ಇಡೀ ಅವಧಿಯಲ್ಲಿ ನನ್ನನ್ನು ಕರೆದದ್ದು ಒಮ್ಮೆ ಮಾತ್ರ, ಅದೂ ಸಾಕ್ಷಿಯಾಗಿ. ಏನೇನು ಕಳೆದುಹೋಯಿತು ಎಂದು ಕೇಳಿದರು, ಹೇಳಿದೆ. ಪ್ರತಿದಿನ ಬೆಳಿಗ್ಗೆ ಷಟರ್ ಎತ್ತುವಾಗ ಕೈ ನಡುಗುತ್ತದೆ ಎಂಬುದನ್ನು ಬರೆದುಕೊಳ್ಳಲು ಅವರ ಕಾಗದದಲ್ಲಿ ಜಾಗವಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ತಪ್ಪು ಮಾಡಿದವನು ದೇವರ ಹುಂಡಿಗೆ ತಪ್ಪು ಕಾಣಿಕೆ ಹಾಕುವ ಪದ್ಧತಿ ಇದೆ. ಹಾಕಿದವನ ಮನಸ್ಸು ಹಗುರವಾಗುತ್ತದೆ, ದೇವರೂ ಒಪ್ಪಿಕೊಳ್ಳಬಹುದು. ಆದರೆ ಯಾರಿಗೆ ನೋವಾಯಿತೋ ಅವರ ಮನೆಯ ಬಾಗಿಲಿಗೆ ಆ ಕಾಣಿಕೆ ಬರುವುದಿಲ್ಲ. ನ್ಯಾಯಾಲಯದ ದಂಡವೂ ಬಹಳ ಮಟ್ಟಿಗೆ ಇದೇ ರೀತಿಯದು, ಸರ್ಕಾರದ ಖಜಾನೆಗೆ ಹೋಗುತ್ತದೆ. ವೃತ್ತಸಭೆಯ ಹಿಂದಿರುವ, ಪುನಃಸ್ಥಾಪನಾ ನ್ಯಾಯ ಎಂದು ಕರೆಯುವ ವಿಧಾನ ಈ ದಾರಿಯನ್ನು ಬದಲಿಸುತ್ತದೆ: ಯಾವ ನಿಯಮ ಮುರಿಯಿತು, ಯಾರನ್ನು ಶಿಕ್ಷಿಸಬೇಕು ಎಂಬುದಕ್ಕಿಂತ ಮೊದಲು ಯಾರಿಗೆ ಹಾನಿಯಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಸರಿಪಡಿಸುವ ಹೊಣೆ ಯಾರದು ಎಂದು ಕೇಳುತ್ತದೆ. ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ 1974ರಲ್ಲಿ ಇಬ್ಬರು ಯುವಕರು 22 ಕಡೆ ಹಾನಿ ಮಾಡಿದಾಗ, ಮಾರ್ಕ್ ಯಾಂಟ್ಜಿ ಎಂಬ ಪರಿವೀಕ್ಷಣಾಧಿಕಾರಿಯ (ಸನ್ನಡತೆಯ ಮೇಲೆ ಬಿಟ್ಟವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ) ಸಲಹೆಯಂತೆ ನ್ಯಾಯಾಧೀಶರು ಅವರನ್ನು ನೊಂದವರ ಮನೆಮನೆಗೆ ಕಳುಹಿಸಿದ್ದು ಈ ವಿಧಾನದ ಆಧುನಿಕ ಆರಂಭವೆಂದು ಹೇಳುತ್ತಾರೆ. ನ್ಯೂಜಿಲೆಂಡ್ 1989ರಲ್ಲಿ ಕಾನೂನನ್ನೇ ಬದಲಿಸಿ, ತಪ್ಪು ಮಾಡಿದ ಮಗು, ಅದರ ಕುಟುಂಬ, ನೊಂದವರು, ಪೊಲೀಸರು ಒಟ್ಟಿಗೆ ಕೂತು ಮುಂದಿನ ಯೋಜನೆ ರೂಪಿಸುವ ಕುಟುಂಬ ಸಭೆಯನ್ನು ತನ್ನ ಬಾಲ ನ್ಯಾಯದ ನಡುಮನೆಯಲ್ಲಿ ಇಟ್ಟುಕೊಂಡಿತು. ನಮ್ಮ 2015ರ ಕಾಯ್ದೆಯಲ್ಲಿ ಅಂಥ ಸಭೆ ಕಡ್ಡಾಯವಲ್ಲ. ಆದರೆ ಬಾಗಿಲು ತೆರೆದೇ ಇದೆ. ಮಗುವನ್ನು ಮಕ್ಕಳ ಗೃಹದಂಥ ಸಂಸ್ಥೆಯಲ್ಲಿ ಇರಿಸುವುದು ಕಟ್ಟಕಡೆಯ ಉಪಾಯವಾಗಬೇಕು ಎಂದು 3ನೇ ಸೆಕ್ಷನ್ ಹೇಳುತ್ತದೆ. ಬುದ್ಧಿಮಾತು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ದಂಡ, ಸನ್ನಡತೆಯ ಮೇಲೆ ಬಿಡುಗಡೆ, ಕೊನೆಗೆ ಇಂಥ ಮಕ್ಕಳಿಗಾಗಿಯೇ ಇರುವ ವಿಶೇಷ ಗೃಹದಲ್ಲಿ ಮೂರು ವರ್ಷ ಮೀರದಂತೆ ಇರಿಸುವುದು ಎಂಬ ಆಯ್ಕೆಗಳನ್ನು 18ನೇ ಸೆಕ್ಷನ್ ಮಂಡಳಿಯ ಕೈಗೆ ಕೊಡುತ್ತದೆ. ಬೆಂಗಳೂರಿನ ಎನ್‌ಫೋಲ್ಡ್‌ನಂಥ ಸಂಸ್ಥೆಗಳು ಈ ವಿಧಾನದಲ್ಲಿ ತರಬೇತಿ ನೀಡುತ್ತಾ ಬಂದಿವೆ. ನಾನು ಕಂಡ ಸಂಸ್ಥೆ ಬೇರೆ.

ನಮ್ಮ ಪ್ರಕರಣದಲ್ಲಿ ಮಂಡಳಿ ವಿಚಾರಣೆ ಮುಗಿಸಿ, ಹುಡುಗನನ್ನು ತಾಯಿಯ ಸುಪರ್ದಿಗೆ ಸನ್ನಡತೆಯ ಮೇಲೆ ಬಿಟ್ಟು, ಸಮಾಲೋಚನೆ ಮತ್ತು ಸಮುದಾಯ ಸೇವೆಗೆ ಆದೇಶಿಸಿದ ಮೇಲೆಯೇ ವೃತ್ತಸಭೆಯ ಮಾತು ಬಂದದ್ದು. ಈ ಕ್ರಮ ನನಗೆ ಸರಿಯೆನಿಸಿತು. ವಿಚಾರಣೆ ನಡೆಯುತ್ತಿರುವಾಗಲೇ ಮಗುವನ್ನು ಕೂರಿಸಿ ತಪ್ಪೊಪ್ಪಿಸಿದರೆ, ಆ ಮಾತು ನಾಳೆ ಅದರ ವಿರುದ್ಧವೇ ತಿರುಗಬಹುದು.

ಸಂಸ್ಥೆಯ ಸಂಚಾಲಕಿ ಸಭೆಗೆ ಮೊದಲು ಎರಡು ಬಾರಿ ನನ್ನ ಅಂಗಡಿಗೇ ಬಂದರು. ಮೊದಲ ಸಲ ಬರೀ ಕೇಳಿಸಿಕೊಂಡರು. ಎರಡನೆಯ ಸಲ, "ಮೇಡಂ, ನೀವು ಕ್ಷಮಿಸಲೇಬೇಕು ಎಂದೇನೂ ಇಲ್ಲ. ನಡುವೆ ಎದ್ದು ಹೋಗಬೇಕು ಅನ್ನಿಸಿದರೆ ಎದ್ದು ಹೋಗಬಹುದು" ಎಂದರು. ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಈ ಪೂರ್ವಸಿದ್ಧತೆ. ಆ ಒಂದು ಮಾತನ್ನು ಅವರು ಹೇಳದಿದ್ದರೆ ನಾನು ಹೋಗುತ್ತಿರಲಿಲ್ಲ. ಹುಡುಗನನ್ನೂ ಅವನ ತಾಯಿಯನ್ನೂ ಅವರು ಇದೇ ರೀತಿ ಬೇರೆಬೇರೆಯಾಗಿ ಭೇಟಿಯಾಗಿದ್ದರು.

ಸಭೆ ನಡೆದದ್ದು ಕಚೇರಿಯೊಂದರ ಹಿಂಬದಿಯ ಕೋಣೆಯಲ್ಲಿ. ಮೇಜು ಇರಲಿಲ್ಲ. ಏಳು ಪ್ಲಾಸ್ಟಿಕ್ ಕುರ್ಚಿಗಳು ದುಂಡಗೆ ಇದ್ದವು, ನಡುವೆ ನೆಲದ ಮೇಲೆ ಒಂದು ಬಟ್ಟೆ, ಅದರ ಮೇಲೆ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ. ಬುಗುರಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತನಾಡಬೇಕು, ಬೇಡವೆನಿಸಿದರೆ ಮಾತನಾಡದೆ ಮುಂದಿನವರಿಗೆ ದಾಟಿಸಬಹುದು. ನಿಯಮ ಇಷ್ಟೇ. ನೋಡಲು ಮಕ್ಕಳಾಟದಂತಿರುವ ಈ ನಿಯಮದಿಂದಾಗಿ ಪರಿವೀಕ್ಷಣಾಧಿಕಾರಿಯೂ ನನ್ನಂತೆಯೇ ಸರದಿಗಾಗಿ ಕಾಯಬೇಕಾಯಿತು. ಸದಾ ತಲೆ ತಗ್ಗಿಸಿ ಬೈಸಿಕೊಳ್ಳುತ್ತಾ ಬಂದ ತಾಯಿಯ ಮಾತನ್ನು ಯಾರೂ ನಡುವೆ ತಡೆಯಲಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಆಕೆ, "ಅಕ್ಕಾ, ಆವತ್ತಿನಿಂದ ನಿಮ್ಮ ಅಂಗಡಿ ಮುಂದೆ ಹಾಯಬೇಕಾಗುತ್ತೆ ಅಂತ ನಾನು ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋಗ್ತಿದೀನಿ" ಎಂದಾಗ, ಈ ಕಳ್ಳತನದಿಂದ ನೊಂದವರ ಪಟ್ಟಿಯಲ್ಲಿ ಆಕೆಯೂ ಇದ್ದಾಳೆ ಎಂಬುದು ನನಗೆ ಮೊದಲ ಬಾರಿಗೆ ಹೊಳೆಯಿತು.

ಇದರಿಂದ ಯಾರಿಗೆಲ್ಲ ತೊಂದರೆಯಾಯಿತು ಎಂದು ಸಂಚಾಲಕಿ ಕೇಳಿದಾಗ ಹುಡುಗ ಮೊದಲು ಪೊಲೀಸರಿಗೆ ಎಂದ, ಆಮೇಲೆ ಅಮ್ಮನಿಗೆ ಎಂದ, ಮತ್ತೆ ಸುಮ್ಮನಾದ. ನನಗೆ ಸಿಟ್ಟು ಬಂತು. ನನ್ನ ಸರದಿ ಬಂದಾಗ ಗಲ್ಲಾದ ಹಣದ ಸುದ್ದಿ ಎತ್ತದೆ, ಹಾಳಾದ ಆ ಪ್ರಾಜೆಕ್ಟ್ ವರದಿಯ ವಿಷಯ ಹೇಳಿದೆ: ತೊಂಬತ್ತು ಪುಟಗಳ ವರದಿ, ಮೂರು ಪ್ರತಿ, ಅಂದೇ ಕೊಡಬೇಕಾಗಿತ್ತು, ಆ ಹುಡುಗಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತಳು, ಅವಳಿಂದ ಕಡತ ತರಿಸಿ ಬೇರೆಯವರ ಅಂಗಡಿಯಲ್ಲಿ ಮತ್ತೆ ಮುದ್ರಿಸಿ, ಮಧ್ಯಾಹ್ನ ಮೂರರ ಹೊತ್ತಿಗೆ ಹೊಲಿದು ಅಂಟಿಸಿ ಕೊಟ್ಟೆ. ಬುಗುರಿ ಅವನ ಕೈಗೆ ಹೋಯಿತು. ಅವನು ಅದರ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಹಳ ಹೊತ್ತು ಕುಳಿತ. ಕೊನೆಗೆ, "ಆಂಟಿ, ಆ ಅಕ್ಕನಿಗೆ ಮಾರ್ಕ್ಸ್ ಹೋಯ್ತಾ?" ಎಂದು ಕೇಳಿದ. ಕ್ಷಮೆ ಕೇಳಿದ್ದು ಆಮೇಲೆ. ಆದರೆ ನನ್ನ ಮಟ್ಟಿಗೆ ಆ ಪ್ರಶ್ನೆಯೇ ದೊಡ್ಡದು, ಏಕೆಂದರೆ ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಪ್ಪಂದದ ಹಂತದಲ್ಲಿ ಸಂಚಾಲಕಿಯ ತಿಳಿವಳಿಕೆಯನ್ನು ಮೆಚ್ಚಲೇಬೇಕು. ಹುಡುಗ ಎಂಟು ಶನಿವಾರ ನನ್ನ ಅಂಗಡಿಯಲ್ಲಿ ಕೆಲಸ ಮಾಡಲಿ ಎಂದು ನಾನೇ ಸೂಚಿಸಿದ್ದೆ. ಅದು ಅಂಗಡಿಯ ದುಡಿಮೆಯಾಗುತ್ತದೆ, ಸಮುದಾಯ ಸೇವೆಯಾಗುವುದಿಲ್ಲ ಎಂದು ಅವರು ಒಪ್ಪಲಿಲ್ಲ. ಉದ್ಯಾನ ನೋಡಿಕೊಳ್ಳುವುದು, ಹಿರಿಯರ ಸೇವೆ, ಆಸ್ಪತ್ರೆಯಲ್ಲಿ ನೆರವು ಮುಂತಾದವು ನಿಯಮಗಳಲ್ಲಿ ಉದಾಹರಣೆಯಾಗಿ ಇವೆ. ಮಾತುಕತೆಯ ನಂತರ, ಸರ್ಕಾರಿ ಶಾಲೆಯೊಂದರ ಗ್ರಂಥಾಲಯದ ನಲವತ್ತು ಹರಿದ ಪುಸ್ತಕಗಳನ್ನು ಅವನು ಬೈಂಡ್ ಮಾಡಿಕೊಡಬೇಕು, ನಾನು ಶಾಲೆಗೇ ಹೋಗಿ ಕಲಿಸಬೇಕು, ರೆಕ್ಸಿನ್ ಮತ್ತು ದಾರ ನನ್ನದು ಎಂದು ತೀರ್ಮಾನವಾಯಿತು. ಹಣದ ವಿಷಯದಲ್ಲಿ ತಾಯಿಯಿಂದ ಏನನ್ನೂ ಪಡೆಯಲು ನನಗೆ ಮನಸ್ಸಾಗಲಿಲ್ಲ. ಯಾರೂ ಒತ್ತಾಯಿಸಲೂ ಇಲ್ಲ.

ಹುಡುಗ ಐದು ಶನಿವಾರ ಬಂದ. ಮೈದಾ ಅಂಟು ಕುದಿಸುವುದು, ಹಾಳೆಗಳ ಬೆನ್ನು ತಟ್ಟಿ ಸಮ ಮಾಡುವುದು, ಸೂಜಿ ಚುಚ್ಚುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಹಾಕುವುದು ಎಲ್ಲವನ್ನೂ ಕಲಿತ. ಇಪ್ಪತ್ತಮೂರು ಪುಸ್ತಕಗಳು ಮುಗಿದವು. ಆರನೆಯ ಶನಿವಾರ ಬರಲಿಲ್ಲ. ವಿಚಾರಿಸಿದರೆ ಕುಟುಂಬ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿತ್ತು.

ನನ್ನ ಅಸಮಾಧಾನ ಇರುವುದು ಇಲ್ಲಿಂದ ಮುಂದೆ. ಸಂಸ್ಥೆಯಿಂದಾಗಲಿ ಕಚೇರಿಯಿಂದಾಗಲಿ ಒಂದು ಕರೆಯೂ ಬರಲಿಲ್ಲ. ನಾನೇ ಕರೆ ಮಾಡಿದಾಗ ಸಂಚಾಲಕಿ ಬೇರೆ ಯೋಜನೆಗೆ ಹೋಗಿದ್ದಾರೆ ಎಂಬ ಉತ್ತರ ಸಿಕ್ಕಿತು. ಮಗು ಊರು ಬದಲಿಸಿದರೆ ಪರಿವೀಕ್ಷಣೆ ಹೊಸ ಜಿಲ್ಲೆಗೆ ವರ್ಗವಾಗುತ್ತದೆಯೇ, ಒಪ್ಪಂದದ ಉಳಿದ ಭಾಗ ಏನಾಗುತ್ತದೆ ಎಂದು ಕೇಳಿದರೆ ಹೇಳುವವರಿರಲಿಲ್ಲ. ಸಹಿ ಹಾಕಿಸಿಕೊಂಡ ಕಾಗದ ಇಂಗ್ಲಿಷಿನಲ್ಲಿತ್ತು. ಆ ತಾಯಿ ತನ್ನ ಮಗ ಏನು ಒಪ್ಪಿಕೊಂಡ ಎಂಬುದನ್ನು ಬೇರೆಯವರ ಬಾಯಿಂದ ಕೇಳಿ ಹೆಬ್ಬೆಟ್ಟು ಒತ್ತಿದಳು. ಸಂಚಾಲಕಿಯ ಒಳ್ಳೆಯತನದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಇಡೀ ಸೇವೆ ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ನಿಂತಿದ್ದರೆ ಆ ವ್ಯಕ್ತಿ ಹೋದ ದಿನ ಸೇವೆಯೂ ಹೋಗುತ್ತದೆ. ಐದರಲ್ಲಿ ಅಂಕ ಕೊಡಬೇಕೆಂದರೆ ಸಭೆಗೆ ಐದು, ಸಭೆಯ ನಂತರದ ನಿಗಾವಣೆಗೆ ಒಂದು ಕೊಡುತ್ತೇನೆ.

ಇದೂ ಊರ ರಾಜಿ ಪಂಚಾಯ್ತಿಯೇ ಅಲ್ಲವೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಅಲ್ಲ. ರಾಜಿಯಲ್ಲಿ ಹಿರಿಯರು ತೀರ್ಪು ಹೇಳುತ್ತಾರೆ, ಮಗುವಿನ ತಂದೆ ದುಡ್ಡು ಎಣಿಸುತ್ತಾನೆ, ಮಗು ಮೂಲೆಯಲ್ಲಿ ನಿಂತಿರುತ್ತದೆ; ನೊಂದವರು ಬಡವರಾದರೆ ಒಪ್ಪದೆ ಬೇರೆ ದಾರಿಯಿರುವುದಿಲ್ಲ. ವೃತ್ತಸಭೆಯಲ್ಲಿ ನಾನು ಬೇಡವೆನ್ನಬಹುದಾಗಿತ್ತು, ಅವನೂ ಬೇಡವೆನ್ನಬಹುದಾಗಿತ್ತು. ಆದರೂ ಈ ಭಯಕ್ಕೆ ಕಾರಣವಿದೆ. ಜಾತಿಯ ಬಲ, ಹಣದ ಬಲ ಒಂದೇ ಕಡೆ ಇರುವಲ್ಲಿ, ಅದರಲ್ಲೂ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ, ಸಂಧಾನದ ಹೆಸರಿನಲ್ಲಿ ನೊಂದ ಮಗುವನ್ನೇ ಮತ್ತೆ ಮೌನವಾಗಿಸುವ ಅಪಾಯ ದೊಡ್ಡದು. ಅಂಥ ಕಡೆ ನಾನು ಈ ಸೇವೆಯನ್ನು ಶಿಫಾರಸು ಮಾಡುವುದಿಲ್ಲ. ಕಳವು, ಹೊಡೆದಾಟ, ವಸ್ತು ಹಾನಿಯಂಥ ಪ್ರಕರಣಗಳಲ್ಲಿ ಖಂಡಿತ ಮಾಡುತ್ತೇನೆ.

ನಿಮಗೆ ಇಂಥ ಸಂದರ್ಭ ಬಂದರೆ ಯಾರಾದರೂ ಕರೆಯಲಿ ಎಂದು ಕಾಯಬೇಡಿ. ನಿಮ್ಮ ಜಿಲ್ಲೆಯ ಬಾಲ ನ್ಯಾಯ ಮಂಡಳಿಗೆ ಕನ್ನಡದಲ್ಲಿಯೇ ಒಂದು ಮನವಿ ಬರೆದು ಕೊಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲೂ ವಿಚಾರಿಸಿ. ನನಗಂತೂ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಸಭೆಗೆ ಮೊದಲು ಸಂಚಾಲಕರು ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಭೇಟಿಯಾಗಿದ್ದಾರೆಯೇ ಎಂದು ಕೇಳಿ, ಆಗಿಲ್ಲವೆಂದರೆ ಸಭೆಯನ್ನು ಮುಂದೂಡಿಸಿ. ಒಪ್ಪಂದದ ಕಾಗದ ಕನ್ನಡದಲ್ಲಿ ಇರಲಿ, ಮೂರು ತಿಂಗಳ ನಂತರ ಮತ್ತೆ ಸೇರುವ ದಿನಾಂಕವನ್ನೂ ಯಾರು ಕರೆ ಮಾಡಬೇಕು ಎಂಬುದನ್ನೂ ಅದರಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ. ಉಳಿದ ಹದಿನೇಳು ಪುಸ್ತಕಗಳು ಈಗಲೂ ಶಾಲೆಯ ಕಪಾಟಿನ ಕೆಳಗಿನ ಅರೆಯಲ್ಲಿ ದಾರ ಕಟ್ಟಿಕೊಂಡು ಕುಳಿತಿವೆ. ಅವನ ಹೊಸ ವಿಳಾಸ ತಿಳಿಸುವಂತೆ ಮಂಡಳಿಯನ್ನು ನಾನು ಕೇಳಿಲ್ಲ, ನಮ್ಮ ಒಪ್ಪಂದದ ಪ್ರತಿಯನ್ನು ಅವನಿರುವ ಜಿಲ್ಲೆಯ ಪರಿವೀಕ್ಷಣಾಧಿಕಾರಿಗೆ ತಲುಪಿಸಿ ಎಂದು ಮಾತ್ರ ಕಳೆದ ವಾರ ಬರೆದು ಕೊಟ್ಟು ಬಂದಿದ್ದೇನೆ.