ದಾಸವಾಳದ ಕೆಂಪೂ ಹೋಯಿತು, 38 ಸಾವಿರವೂ ಹೋಯಿತು

ಹೂವಿನಿಂದ 'ಗ್ರೀನ್ ಎಕ್ಸ್‌ಟ್ರಾಕ್ಟ್' ತೆಗೆಯುವ ಮಷಿನ್ ಮಾರಲು ಯಾರಾದರೂ ನಿಮ್ಮ ಮನೆಗೆ ಬಂದರೆ, ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ಕಲಬುರಗಿಯಲ್ಲಿ ನಾವು ಐದು ಜನ ಹೆಂಗಸರು ಸೇರಿ ದಾಸವಾಳ, ತಂಗಡಿ ಹೂವು ಒಣಗಿಸಿ ಪುಡಿ ಮಾಡಿ ಮಾರುತ್ತೇವೆ. ಹೋದ ಬೇಸಿಗೆಯಲ್ಲಿ ಒಬ್ಬ ಬಂದ. "ಅಕ್ಕೋರೆ, ಪುಡಿ ಮಾರಿದ್ರ ಏನ್ ಸಿಗ್ತದ? ಸತ್ವ ತೆಗದು ಮಾರ್ರಿ, ಹತ್ತು ಪಟ್ಟು ಬರ್ತದ" ಅಂದ. ಶಬ್ದದ ಅಲೆಯಿಂದ ಸತ್ವ ಬಿಡಿಸುವ ಸ್ಟೀಲ್ ಡಬ್ಬಿಯಂಥ ಮಷಿನ್, ಸತ್ವ ಕರಗಿಸಿಕೊಳ್ಳುವ 'ಗ್ರೀನ್ ಸಾಲ್ವೆಂಟ್' ದ್ರವದ ಐದು ಲೀಟರ್ ಕ್ಯಾನು, ಅರ್ಧ ದಿನದ ತರಬೇತಿ, ಎಲ್ಲ ಸೇರಿ 38,000 ರೂಪಾಯಿ. ಸಂಘದ ಉಳಿತಾಯ ಪೂರ್ತಿ ಅದಕ್ಕೇ ಹೋಯಿತು. 'ಆಂಟಿಆಕ್ಸಿಡೆಂಟ್ 94%' ಅಂತ ಬರೆದ ಒಂದು ಕಾಗದವನ್ನೂ ತೋರಿಸಿದ. ನಾವು ಅದನ್ನೇ ನಂಬಿದೆವು.

ದಾಸವಾಳಕ್ಕೆ ನೀರು ಸಾಕು, ತಂಗಡಿಗೆ ಕ್ಯಾನಿನದು ಹಾಕಿ ಅಂದಿದ್ದ. ಬೋರ್ ನೀರು ಕುದಿಸಿ, ಹೂವು ಹಾಕಿ, ಒಂದು ತಾಸು ಮಷಿನ್ ಓಡಿಸಿದೆವು. ಕುಂಕುಮದಂಥ ಕೆಂಪು ಬರುತ್ತದೆ ಅಂತ ಕಾದರೆ, ಬಂದಿದ್ದು ಬಟ್ಟೆ ಒಗೆದ ನೀರಿನ ಬಣ್ಣ. ಫೋನ್ ಮಾಡಿದರೆ "ನಿಮ್ಮ ಹೂವೇ ಸರಿ ಇಲ್ರಿ" ಅಂದ. ಹೀಗೆ ಮೂರು ಸಲ. ನಾಲ್ಕು ಕಿಲೋ ಒಣ ಹೂವು ಮೋರಿಗೆ ಹೋಯಿತು.

ಪಕ್ಕದ ಮನೆಯ ಹುಡುಗಿ ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್‌ನಲ್ಲಿ ಎಂ.ಎಸ್ಸಿ. ಓದುತ್ತಾಳೆ. ಬಂದು ನೋಡಿದವಳೇ "ಕಾಕು, ಒಂದು ನಿಂಬಿಹಣ್ಣು ಕೊಡ್ರಿ" ಅಂದಳು. ನಾಲ್ಕು ಹನಿ ಹಿಂಡಿದಳು. ಆ ಕೊಳೆ ನೀರು ಕಣ್ಣ ಮುಂದೇ ಕೆಂಪಗಾಯಿತು! ಕೆಂಪಗೆ ಅಂದರೆ ತೆಳು ಗುಲಾಬಿ, ಅಷ್ಟೇ.

ದಾಸವಾಳದ ಬಣ್ಣಕ್ಕೆ ಆಂಥೋಸಯನಿನ್ ಅನ್ನುತ್ತಾರಂತೆ. ನಮಗೆ ಬೇಕಿದ್ದ ಆಂಟಿಆಕ್ಸಿಡೆಂಟ್ ಅಂದರೂ ಅದೇ. ಹುಳಿ ಇದ್ದರೆ ಕೆಂಪಗಿರುತ್ತದೆ, ಕ್ಷಾರ ಸೇರಿದರೆ ಬಣ್ಣ ಕೆಡುತ್ತದೆ. ನಮ್ಮ ಕಾಲ ಕೆಳಗಿರುವುದೋ ಸುಣ್ಣದ ಕಲ್ಲು. ಮನೆಗೆ ಹಾಸುವ ಶಹಾಬಾದ್ ಕಲ್ಲು ಅದೇ, ವಾಡಿ, ಸೇಡಂ ಕಡೆ ಸಿಮೆಂಟ್ ಆಗುವುದೂ ಅದೇ. ಬೋರ್ ನೀರಲ್ಲಿ ಆ ಸುಣ್ಣ ಇದ್ದೇ ಇರುತ್ತದೆ. ಕುದಿಸಿದರೆ ಕ್ಷಾರ ಇನ್ನೂ ಜಾಸ್ತಿ. ಪಾತ್ರೆಯ ತಳದ ಬಿಳಿ ಪದರು ದಿನಾ ಉಜ್ಜುವವರು ನಾವೇ, ಆದರೂ ಹೊಳೆಯಲಿಲ್ಲ ನೋಡಿ. ಮೇಲಾಗಿ ಆ ಬಣ್ಣ ಬಿಸಿ ತಡೆಯುವುದಿಲ್ಲ. ಕುದಿ ನೀರಲ್ಲಿ ಅರ್ಧ ಸತ್ತಿತ್ತು, ಒಂದು ತಾಸು ಓಡಿದ ಮಷಿನ್ ಇನ್ನಷ್ಟು ಕಾಯಿಸಿತ್ತು. ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ಹೂವು ಒಣಗಿಸಿದ್ದು ಮಾತ್ರ ನಮ್ಮದೇ ತಪ್ಪು. ನೆರಳಲ್ಲಿ ಒಣಗಿಸಬೇಕಿತ್ತು.

94% ಕಾಗದ ನೋಡಿ ಹುಡುಗಿ ನಕ್ಕಳು. ಆಂಟಿಆಕ್ಸಿಡೆಂಟ್ ಶಕ್ತಿ ನೋಡಲು, ಡಿಪಿಪಿಎಚ್ ಅನ್ನುವ ರಾಸಾಯನಿಕದ ನೇರಳೆ ದ್ರಾವಣಕ್ಕೆ ಸ್ಯಾಂಪಲ್ ಹಾಕಿ, ಬಣ್ಣ ಎಷ್ಟು ಇಳಿಯಿತು ಅಂತ 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಸ್ಯಾಂಪಲ್ ಎಷ್ಟು ಹಾಕಿದರು ಅಂತ ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಗಟ್ಟಿ ಚಹಾ ಹಾಕಿದರೂ 90 ದಾಟುತ್ತದಂತೆ.

ಇಷ್ಟಾಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನಿರುತ್ತಿದ್ದೆ. ಆದರೆ ಆ ಕ್ಯಾನು! ಹಸಿರು ಎಲೆಯ ಸ್ಟಿಕರ್ ಒಂದು ಮೂಲೆಯಲ್ಲಿ ಎದ್ದಿತ್ತು. ಹುಡುಗಿ ಉಗುರಿನಿಂದ ಕಿತ್ತಳು. ಕೆಳಗೆ ಇಂಗ್ಲಿಷ್‌ನಲ್ಲಿ ಡಿನೇಚರ್ಡ್ ಸ್ಪಿರಿಟ್, ಸೇವಿಸಬಾರದು ಅಂತ ಇತ್ತು. ಕುಡಿಯಬಾರದೆಂದೇ ಏನಾದರೂ ಬೆರೆಸಿದ ಸ್ಪಿರಿಟ್ ಅದು. ಎಷ್ಟೋ ಸಲ ಬೆರೆಸುವುದು ಮೆಥನಾಲ್. ಮೆಥನಾಲ್ ಹೊಟ್ಟೆಗೆ ಹೋದರೆ ಮೈಯಲ್ಲಿ ಫಾರ್ಮಿಕ್ ಆಸಿಡ್ ಆಗಿ ಕಣ್ಣಿನ ನರ ಸುಡುತ್ತದೆ, ಜೀವವೂ ಹೋಗಬಹುದು. ನಮ್ಮ ಗುಂಪಿನ ಒಬ್ಬರು ಅದರಲ್ಲಿ ತೆಗೆದ ತಂಗಡಿ ಸತ್ವವನ್ನು ಗಂಡನ ಶುಗರ್‌ಗೆ ಕೊಡಲು ಬಾಟಲಿಗೆ ಹಾಕಿಟ್ಟಿದ್ದರು. ಇನ್ನೂ ಕೊಟ್ಟಿರಲಿಲ್ಲ. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ವಿದ್ಯೆ ಸುಳ್ಳಲ್ಲ. ಶಬ್ದದ ಅಲೆಗೆ ನೀರಲ್ಲಿ ಸಣ್ಣ ಗುಳ್ಳೆ ಎದ್ದು ಒಡೆದು ಹೂವಿನ ಕೋಶ ಹರಿಯುವುದು ನಿಜ. ತಿನ್ನಲು ಯೋಗ್ಯವಾದ ಎಥನಾಲ್, ಗ್ಲಿಸರಿನ್ ಬಳಸಿ ಮಾಡುವವರೂ ಇದ್ದಾರೆ. ಹಾಗಾಗಿ ಕ್ಯಾನಿನಲ್ಲಿ ಏನಿದೆ, ಅದು ತಿನ್ನುವ ದರ್ಜೆಯದೇ ಅಂತ ಬರವಣಿಗೆಯಲ್ಲಿ ಕೇಳಿ. ಸ್ಟಿಕರ್ ಇದ್ದರೆ ಕಿತ್ತು ನೋಡಿ.

ಅವನ ಫೋನ್ ಈಗ ಸ್ವಿಚ್ ಆಫ್. ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ಕನ್ನಡಕ ಮಾಡಿಸಲು ಹೋದೆ. ಅಂಗಡಿಯವರು ನನ್ನ ಕನ್ನಡಕ ತೊಳೆಯಲು ಹಾಕಿದ್ದು ಥೇಟ್ ಅದೇ ಡಬ್ಬಿಗೆ. ನಮ್ಮದನ್ನು ತೊಗೋತೀರಾ ಅಂತ ಕೇಳಿದೆ. 2,000 ಕೊಡ್ತೀನಿ ಅಂದಿದ್ದಾರೆ.