ರೋಗಿಯ ಕೈಗೆ ಕೊಡುವ ಟ್ಯಾಬ್: ಐಪ್ಯಾಡೋ, ಆಂಡ್ರಾಯ್ಡೋ?

ವಾರ್ಡಿನಲ್ಲಿ ರೋಗಿಗೆ ಟ್ಯಾಬ್ ಕೊಡುವುದು ಸುಲಭ. ಒಬ್ಬರು ಡಿಸ್ಚಾರ್ಜ್ ಆಗಿ ಇನ್ನೊಬ್ಬರು ಅದೇ ಹಾಸಿಗೆಗೆ ಬರುವಷ್ಟರಲ್ಲಿ ಹಳಬರ ಫೋಟೊ, ಲಾಗಿನ್, ರಿಪೋರ್ಟು ಎಲ್ಲವನ್ನೂ ಅಳಿಸಿಡುವುದೇ ಕಷ್ಟ. ಎರಡನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಳತೆಗೋಲು ಇದೊಂದೇ.

ಆಪಲ್ ಬಿಸಿನೆಸ್ ಮ್ಯಾನೇಜರ್ (ಸಂಸ್ಥೆಗಳು ತಮ್ಮ ಆಪಲ್ ಸಾಧನಗಳನ್ನು ನೋಂದಾಯಿಸುವ ಪೋರ್ಟಲ್) ಮೂಲಕ ಎಂಡಿಎಂಗೆ, ಅಂದರೆ ಸಾಧನಗಳನ್ನು ದೂರದಿಂದಲೇ ನಿರ್ವಹಿಸುವ ತಂತ್ರಾಂಶಕ್ಕೆ ಸೇರಿಸಿದ ಐಪ್ಯಾಡ್‌ಗೆ, ಐಪ್ಯಾಡ್‌ಓಎಸ್ 17ರಿಂದ ‘ರಿಟರ್ನ್ ಟು ಸರ್ವಿಸ್’ ಸೌಲಭ್ಯವಿದೆ. ಅಳಿಸುವ ಕಮಾಂಡ್ ಜೊತೆಗೇ ವೈಫೈ ಪ್ರೊಫೈಲೂ ಹೋಗುತ್ತದೆ. ಟ್ಯಾಬ್ ತಾನೇ ಅಳಿಸಿಕೊಂಡು, ನೆಟ್‌ವರ್ಕ್ ಹಿಡಿದು, ಮತ್ತೆ ಎಂಡಿಎಂಗೆ ಸೇರಿ ಹೋಮ್ ಸ್ಕ್ರೀನಿಗೆ ಬರುತ್ತದೆ. ಸಿಸ್ಟರ್ ಏನನ್ನೂ ಒತ್ತಬೇಕಿಲ್ಲ. ಕೈಕೊಡುವುದು ವೈಫೈ. ಸಾಧನದ ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ) ಕೇಳುವ ನೆಟ್‌ವರ್ಕ್ ಆದರೆ, ಅಳಿಸಿದಾಗ ಸರ್ಟಿಫಿಕೇಟೂ ಹೋಗಿ ಟ್ಯಾಬ್ ಹೊರಗೇ ಉಳಿಯುತ್ತದೆ. ಲಾಗಿನ್ ಪುಟ ತೋರಿಸುವ ಗೆಸ್ಟ್ ವೈಫೈಯಲ್ಲೂ ಅದೇ ಪಾಡು. ಬರೀ ಪಾಸ್‌ವರ್ಡ್ ಕೇಳುವ, ಎಂಡಿಎಂ ಮತ್ತು ಆಪಲ್ ಸರ್ವರ್‌ಗಳಿಗಷ್ಟೇ ದಾರಿ ಬಿಡುವ ಬೇರೆ ಎಸ್‌ಎಸ್‌ಐಡಿ (ವೈಫೈ ಹೆಸರು) ಇಟ್ಟುಕೊಳ್ಳಿ. ಐಪ್ಯಾಡ್‌ಓಎಸ್ 26ಕ್ಕೂ ಹಿಂದಿನ ಆವೃತ್ತಿಗಳಲ್ಲಿ ಆಪ್‌ಗಳು ಪ್ರತಿ ಸಲವೂ ಡೌನ್‌ಲೋಡ್ ಆಗುವುದರಿಂದ ಒಂದು ಮ್ಯಾಕ್‌ನಲ್ಲಿ ಕಂಟೆಂಟ್ ಕ್ಯಾಶಿಂಗ್ (ಒಮ್ಮೆ ಇಳಿಸಿದ್ದನ್ನು ಇಟ್ಟುಕೊಂಡು ಉಳಿದ ಸಾಧನಗಳಿಗೆ ಹಂಚುವ ಸೌಲಭ್ಯ) ಹಾಕಿದರೆ ಇಂಟರ್ನೆಟ್ ಲಿಂಕ್ ಮೇಲಿನ ಹೊರೆ ಇಳಿಯುತ್ತದೆ.

ಆಂಡ್ರಾಯ್ಡ್ ಅಗ್ಗ, ಅದೇ ಅದರ ದೊಡ್ಡ ಬಲ. ಆದರೆ ಫ್ಯಾಕ್ಟರಿ ರೀಸೆಟ್ ಆದ ಮೇಲೆ ಸ್ವಾಗತ ಪರದೆಯಲ್ಲಿ ನಿಂತುಬಿಡುತ್ತದೆ. ಅಲ್ಲಿ ಒಂದೇ ಜಾಗದಲ್ಲಿ ಆರು ಸಲ ತಟ್ಟಿ, ವೈಫೈ ವಿವರವೂ ಸೇರಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಬೇಕು. ರಾತ್ರಿ ಪಾಳಿಯಲ್ಲಿ ಯಾರು ಮಾಡುತ್ತಾರೆ? ರೀಸೆಟ್ ಬಿಟ್ಟು, ಕಿಯೋಸ್ಕ್ ಮೋಡ್‌ನಲ್ಲೇ (ಆಯ್ದ ಆಪ್‌ಗಳಷ್ಟೇ ತೆರೆಯುವ ಸ್ಥಿತಿ) ಎಂಡಿಎಂನಿಂದ ಆಪ್ ಡೇಟಾ ಅಳಿಸುವ ದಾರಿ ಇದೆ, ಬೇಗವೂ ಆಗುತ್ತದೆ. ಆದರೆ ಡೌನ್‌ಲೋಡ್ಸ್ ಮತ್ತು ಕ್ಯಾಮೆರಾ ಫೋಲ್ಡರ್‌ಗಳು ಹಾಗೇ ಉಳಿಯುತ್ತವೆ. ಹಾಗಾಗಿ ಕ್ಯಾಮೆರಾ ಆಪ್ ಮತ್ತು ಡೌನ್‌ಲೋಡ್ ಎರಡನ್ನೂ ನಿರ್ಬಂಧಿಸಿ. ಗೂಗಲ್ ಖಾತೆ ಸೇರಿಸುವುದನ್ನೂ ತಡೆಯಿರಿ: ರೋಗಿ ತಮ್ಮ ಖಾತೆ ಹಾಕಿ ಹೋದ ಟ್ಯಾಬನ್ನು ರಿಕವರಿ ಮೆನುವಿನಿಂದ (ಗುಂಡಿಗಳನ್ನು ಒತ್ತಿ ತೆರೆಯುವುದು) ರೀಸೆಟ್ ಮಾಡಿದರೆ, ಅದು ಅವರ ಪಾಸ್‌ವರ್ಡನ್ನೇ ಕೇಳೀತು.

ಊಟದ ಮೆನು, ಕರೆಗುಂಡಿ, ಆರೋಗ್ಯ ಮಾಹಿತಿಯ ವಿಡಿಯೊ ಇಷ್ಟೇ ಸಾಕೆಂದರೆ ಆಂಡ್ರಾಯ್ಡ್ ಕಿಯೋಸ್ಕ್‌ಗೆ ನಮ್ಮ ಓಟು. ರೋಗಿ ಸ್ವಂತ ಖಾತೆಗೆ ಲಾಗಿನ್ ಆಗುವುದಾದರೆ ಐಪ್ಯಾಡೇ ಸರಿ, ದುಡ್ಡು ಹೆಚ್ಚಾದರೂ.

ಒರೆಸುವ ವಿಷಯ: ಐಪ್ಯಾಡ್‌ಗೆ 70% ಐಸೊಪ್ರೊಪೈಲ್ ಆಲ್ಕೊಹಾಲ್ ವೈಪ್ ಆದೀತು, ನೆಲ ಒರೆಸುವ ಹೈಪೊಕ್ಲೋರೈಟ್ ಬೇಡ, ಬ್ಲೀಚನ್ನು ಆಪಲ್ ಸ್ಪಷ್ಟವಾಗಿ ನಿಷೇಧಿಸಿದೆ. ಆಂಡ್ರಾಯ್ಡ್‌ನಲ್ಲಿ ತಯಾರಕರ ಸೂಚನೆ ನೋಡಿ. ಪೋರ್ಟ್ ಒಳಗೆ ದ್ರವ ಇಳಿಯದಂತೆ, ಚಾರ್ಜರ್ ತೆಗೆದೇ ಒರೆಸಬೇಕು. ಹಾಸಿಗೆ ಪಕ್ಕ ಸದಾ ಪ್ಲಗ್‌ನಲ್ಲಿದ್ದರೆ ಬ್ಯಾಟರಿ ಉಬ್ಬುವ ಅಪಾಯವಿದೆ. ಸೆಟ್ಟಿಂಗ್‌ನಲ್ಲಿ 80% ಮಿತಿ ಇದ್ದರೆ ಹಾಕಿ. ಇಲ್ಲದಿದ್ದರೆ ಟೈಮರ್ ಸಾಕೆಟ್ ಕೊಳ್ಳಿ.